ನಲವತ್ತೊಂದನೇ ಕೊಕ್ಕೆ

ಅವರ ಬಲಗೈ ಹೆಬ್ಬೆರಳು ಸದಾ ಹಸಿರಾಗಿರುತ್ತಿತ್ತು. ಹಲಸೂರಿನ ಮಾರುಕಟ್ಟೆ ಪಕ್ಕದ ಸಹಕಾರಿ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಕೂತು, ಗಿರಾಕಿಗಳ ಬ್ಯಾಗು ಇಸಿದುಕೊಂಡು ಹಿತ್ತಾಳೆ ಟೋಕನ್ ಕೊಡುವುದು ಅವರ ಕೆಲಸ. ಆ ಹಿತ್ತಾಳೆಯ ಕಿಲುಬೇ ಬೆರಳಿಗೆ ಹತ್ತಿತ್ತು. ಎಲ್ಲರಿಗೂ ಅವರು ಟೋಕನ್ ಅಕ್ಕ.

"ಟೋಕನ್ ಇಲ್ದೆ ದೇವ್ರು ಬಂದ್ರೂ ಬ್ಯಾಗ್ ಕೊಡಲ್ಲ" ಎನ್ನುವರು. ಒಮ್ಮೆ ಮ್ಯಾನೇಜರೇ ಟೋಕನ್ ಕಳೆದುಕೊಂಡು, ಕೊಕ್ಕೆಯಲ್ಲಿ ನೇತಾಡುತ್ತಿದ್ದ ತಮ್ಮದೇ ಛತ್ರಿಯನ್ನು ನೋಡುತ್ತಾ ಮಳೆಯಲ್ಲಿ ನೆನೆದುಕೊಂಡು ಮನೆಗೆ ಹೋದರು.

ತೊಂಬತ್ತರ ದಶಕದ ಕೊನೆಯಲ್ಲಿ ಆ ಅಂಗಡಿ ಕೆಡವಿ ಆರಂತಸ್ತಿನ ಕಾಂಪ್ಲೆಕ್ಸ್ ಕಟ್ಟುವ ಸುದ್ದಿ ಬಂತು. ಅಕ್ಕಿ, ಎಣ್ಣೆ, ಸೋಪಿಗೆ ಅದನ್ನೇ ನಂಬಿದ್ದ ಬೀದಿಗಳವರೆಲ್ಲ ತಿರುಗಿಬಿದ್ದು ಕೋರ್ಟಿಗೆ ಹೋದೆವು. ತಡೆಯಾಜ್ಞೆ ನಾಳೆ ಸಿಗುತ್ತದೆ, ಅಷ್ಟರೊಳಗೆ ಬಾಗಿಲಿಗೆ ಬೀಗ ಬಿದ್ದರೆ ಕಷ್ಟ ಎಂದರು ವಕೀಲರು. ಬೀಗ ಹಾಕಿಸಲೆಂದೇ ಬಿಲ್ಡರ್ ಕಡೆಯ ಐದಾರು ಮಂದಿ ಬೆಳಿಗ್ಗೆಯೇ ಬಿಳಿ ಜೀಪಿನಲ್ಲಿ ಬಂದು ಎದುರಿಗೆ ಕೂತರು. ನಮ್ಮ ಜೊತೆ ಮಾತಿಲ್ಲ, ಬರೀ ನೋಟ.

ಉಪಾಯ ಅಕ್ಕನದು. ಗಿರಾಕಿಯ ಸಾಮಾನು ಒಳಗಿರುವಾಗ ಅಂಗಡಿಯನ್ನು ಕಾಯಂ ಮುಚ್ಚಿ ಬೀಗ ಹಾಕುವಂತಿಲ್ಲ ಎನ್ನುವುದು ನಿಯಮ. ಬೀಗದ ಕೈ ಇದ್ದ ಮ್ಯಾನೇಜರಿಗೆ ರೌಡಿಗಳಿಗಿಂತ ನಿಯಮದ ಭಯವೇ ಹೆಚ್ಚು. "ಎಲ್ರೂ ಬ್ಯಾಗ್ ಇಟ್ಟು ಮನೆಗೆ ಹೋಗಿ, ನಾಳೆ ಬಂದ್ ತಗೊಳ್ಳಿ" ಎಂದರು ಅಕ್ಕ. ಮಧ್ಯಾಹ್ನದೊಳಗೆ ಅರವತ್ತು ಕೊಕ್ಕೆಗಳೂ ತುಂಬಿದವು. ನಾನು ನನ್ನ ಕಾಲೇಜು ಬ್ಯಾಗು ಕೊಟ್ಟು ನಲವತ್ತೊಂದನೇ ಟೋಕನ್ ಪಡೆದೆ. "ಪ್ರಾಣ ಹೋದ್ರೂ ಬ್ಯಾಗ್ ಕೇಳಲ್ಲ ಅಕ್ಕಾ" ಎಂದು ಭಾಷಣ ಬೇರೆ ಬಿಗಿದೆ.

ಸಂಜೆ ಜೀಪಿನವನೊಬ್ಬ ಕೊಕ್ಕೆಗಳ ಮುಂದಿನ ಜಾಲರಿಗೆ ಮುಖವಿಟ್ಟು, ಯಾರ ಯಾರ ಬ್ಯಾಗು ಎಂದು ನೋಡಿ ಬರೆದುಕೊಳ್ಳತೊಡಗಿದ. ಬುದ್ಧಿವಂತರೆಲ್ಲ ತರಕಾರಿ ಚೀಲ ತಂದಿದ್ದರು. ನನ್ನ ಬ್ಯಾಗಿನ ಮೇಲೆ ಮಾತ್ರ ಹೆಸರು, ಮನೆ ನಂಬರು, ಅಡ್ಡರಸ್ತೆ ಎಲ್ಲವೂ ನನ್ನದೇ ಕೈಬರಹದಲ್ಲಿ ದಪ್ಪಕ್ಷರಗಳಲ್ಲಿ ರಾರಾಜಿಸುತ್ತಿದ್ದವು. ಹಿಂಬಾಗಿಲಿನಿಂದ ನುಗ್ಗಿದೆ.

"ಅಕ್ಕಾ, ನನ್ ಬ್ಯಾಗ್ ಕೊಡಿ."

"ಯಾಕೋ, ಪ್ರಾಣ ಹೋಯ್ತಾ?"

"ಅದ್ರ ಮೇಲೆ ನಮ್ಮನೆ ಅಡ್ರೆಸ್ ಇದೆ."

"ತಿರುಗ್ಸಿ ಹಾಕ್ತೀನಿ ಬಿಡು."

"ಆ ಕಡೆನೂ ಬರ್ದಿದೀನಿ."

ಅವರು ನಗಲು ಹೋದರು, ಆಗಲಿಲ್ಲ. ಜಾಲರಿಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು.

"ಬೆಳಿಗ್ಗೆ ಆ ಜೀಪಿನೋರು ನನ್ನ, 'ನಿನ್ ಮಗಳು ಯಾವ್ ಕಾಲೇಜು' ಅಂತ ಕೇಳಿದ್ರು ಕಣೋ. ನಂಗೂ ಭಯಾನೇ. ಆದ್ರೆ ಒಂದ್ ಕೊಕ್ಕೆ ಖಾಲಿ ಕಂಡ್ರೆ ಸಾಕು, ಎಲ್ರೂ ಹೆದ್ರಿ ಬ್ಯಾಗ್ ಕೇಳೋಕ್ ಬಂದ್ಬಿಡ್ತಾರೆ."

ನನ್ನ ಬ್ಯಾಗು ತೆಗೆದು ಕೊಟ್ಟು, ಅದೇ ಕೊಕ್ಕೆಗೆ ತಮ್ಮ ಊಟದ ಕಂದು ಬ್ಯಾಗು ನೇತುಹಾಕಿದರು. ಟೋಕನ್ ಚಾಚಿದೆ. "ಇಟ್ಕೋ. ಬ್ಯಾಗ್ ಒಳಗಿರೋವರ್ಗೂ ಟೋಕನ್ ಹೊರಗಿರ್ಬೇಕು. ನಾಳೆ ತಂದ್ಕೊಡು."

ಬ್ಯಾಗನ್ನು ಅಂಗಿಯೊಳಗೆ ತುರುಕಿ ಏಳು ತಿಂಗಳ ಬಸುರಿಯಂತೆ ಹೊರಬಿದ್ದೆ.

ಮರುದಿನ ತಡೆಯಾಜ್ಞೆ ಸಿಕ್ಕಿತು, ಅಂಗಡಿ ಉಳಿಯಿತು. ಎಲ್ಲರೂ ಟೋಕನ್ ಕೊಟ್ಟು ಬ್ಯಾಗು ಬಿಡಿಸಿಕೊಂಡರು. ನಾನು ಎಂಟು ದಿನ ಮನೆ ಬಿಟ್ಟು ಕದಲಲಿಲ್ಲ. ಗುರುತು ಸಿಗಬಾರದೆಂದು ಮೀಸೆ ಬೋಳಿಸಿದೆ. ಇದ್ದದ್ದೇ ಹನ್ನೆರಡು ಕೂದಲು. ಭಯ ಇಳಿಯುವ ಹೊತ್ತಿಗೆ ನಾಚಿಕೆ ಹತ್ತಿತು, ಆಮೇಲೆ ಮರೆವು. ಟೋಕನ್ ಮೇಜಿನ ಡ್ರಾಯರ್ ಸೇರಿತು.

ಎಷ್ಟೋ ತಿಂಗಳ ಮೇಲೆ ಅಕ್ಕ ಬಸ್‌ಸ್ಟಾಪಿನಲ್ಲಿ ಸಿಕ್ಕರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಊಟದ ಡಬ್ಬಿ.

"ಏನಕ್ಕಾ, ಊರೋರ ಬ್ಯಾಗೆಲ್ಲ ಕಾಯ್ತೀರ, ನಿಮ್ಗೇ ಒಂದ್ ಬ್ಯಾಗಿಲ್ವಾ?"

"ಇದೆ ಕಣಪ್ಪ. ತಗೋಬೇಕು."

ನನ್ನ ಜೋಕಿಗೆ ನಾನೇ ನಕ್ಕೆ.

ಅವರು ತೀರಿಕೊಂಡಾಗ ಕಗ್ಗದಾಸಪುರದ ಮನೆಗೆ ಹೋಗಿದ್ದೆ. ಮಗಳು ಹೇಳಿದಳು: "ಅಮ್ಮನ ಬ್ಯಾಗ್ ಇನ್ನೂ ಅಂಗಡೀಲೇ ಇದೆ. ನಿಂದೇ ಅಲ್ವಾ, ತಂದ್ಬಿಡಮ್ಮ ಅಂದ್ರೆ, ಟೋಕನ್ ಬರ್ಲಿ ತಡಿ ಅಂತಿದ್ರು."

ಮರುದಿನ ಹೋದೆ. ಅವರ ಜಾಗದಲ್ಲಿ ಹೊಸ ಹುಡುಗಿ. ಕಿಲುಬು ಹಿಡಿದ ನಲವತ್ತೊಂದನ್ನು ಮುಂದಿಟ್ಟೆ. ಅವಳು ಧೂಳು ಹಿಡಿದ ಕಂದು ಬ್ಯಾಗನ್ನು ಕೊಕ್ಕೆಯಿಂದ ಇಳಿಸಿ, ನನ್ನನ್ನು ನೋಡಿದಳು.

"ಇದು ನಿಮ್ದೇನಾ?"

ಹೌದು ಅನ್ನಲು ಹೆದರಿಕೆಯಾಯಿತು, ಅಲ್ಲ ಅನ್ನಲು ಇನ್ನೂ ಹೆದರಿಕೆ. ಟೋಕನ್ನನ್ನು ಇನ್ನಷ್ಟು ಮುಂದಕ್ಕೆ ತಳ್ಳಿದೆ.