ತತ್ತಿ ಒಡೆಯದ ವೈಸ್

ಅಕ್ಕೋರ ಬಲಗೈಯಲ್ಲಿ ಒಂದು ಸ್ಟೀಲ್ ಲೋಟ. ಲೋಟದೊಳಗೆ ಹತ್ತಿ, ಹತ್ತಿಯ ನಡುವೆ ಒಂದು ಕೋಳಿ ತತ್ತಿ. ಎಪ್ಪತ್ತು ದಾಟಿದ ಹೆಂಗಸು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, ಆ ಲೋಟವನ್ನು ತುಂಬಿದ ಹಾಲಿನಂತೆ ಜತನವಾಗಿ ಹಿಡಿದು ಆಟೋ ಹತ್ತಿದರೆಂದರೆ ದೇಶಪಾಂಡೆ ನಗರದ ನಮ್ಮ ಓಣಿಗೆಲ್ಲ ಗೊತ್ತಾಗುತ್ತಿತ್ತು, ಇವತ್ತು ಅಕ್ಕೋರು ಗುಜರಿ ಅಂಗಡಿಗೆ ಹೊರಟಿದ್ದಾರೆ ಎಂದು.

ಅವರು ನಮ್ಮ ಪಕ್ಕದ ಮನೆಯವರು. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಓಣಿಯ ಅರ್ಧ ಹೆಂಗಸರು ಅವರ ಕೈಯ ಏಟು ತಿಂದವರೇ, ಹಾಗಾಗಿ ಊರಿಗೆಲ್ಲ ಅಕ್ಕೋರು. ಗಂಡ ತೀರಿಕೊಂಡ ಮೇಲೆ ಕಾರು ಮಾರಿ, ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಉದ್ದನೆಯ ಸಾಗುವಾನಿ ಬೆಂಚು ಹಾಕಿಸಿ ವರ್ಕ್‌ಶಾಪ್ ಮಾಡಿಕೊಂಡರು. ಕುಕ್ಕರಿನ ಹಿಡಿ, ಹೊಲಿಗೆ ಯಂತ್ರದ ಗಾಲಿ, ನನ್ನ ಪಿಟೀಲಿನ ಬಿರಡೆ, ಏನು ಕೆಟ್ಟರೂ ಅಲ್ಲಿ ದುರಸ್ತಿ. ಆದರೆ ಅವರ ಜೀವವಿದ್ದದ್ದು ವೈಸ್‌ಗಳಲ್ಲಿ. ಕೆಲಸದ ವಸ್ತು ಅಲುಗಾಡದಂತೆ ಎರಡು ದವಡೆಗಳ ನಡುವೆ ಕಚ್ಚಿ ಹಿಡಿಯುವ ಆ ಕಬ್ಬಿಣದ ಸಾಧನ ಮನೆಗೊಂದಿದ್ದರೆ ಹೆಚ್ಚು. ಅಕ್ಕೋರ ಬೆಂಚಿನ ಮೇಲೆ ಮಾತ್ರ ಅವು ಮಗ್ಗಿ ಒಪ್ಪಿಸಲು ನಿಂತ ಹುಡುಗಿಯರಂತೆ ಸಾಲಾಗಿದ್ದವು.

ಒಮ್ಮೆ ನಾನೂ ಅವರ ಜೊತೆ ಹೋಗಿದ್ದೆ. ಬೇಲೂರು ಕೈಗಾರಿಕಾ ಪ್ರದೇಶದ ಯಾವುದೋ ಮುಚ್ಚಿದ ಘಟಕದಿಂದ ಬಂದ ಮಾಲು. ಗುಜರಿಯವನು ಹಸಿರು ಬಣ್ಣದ ಭಾರೀ ವೈಸೊಂದನ್ನು ತಟ್ಟಿ, "ಆನಿ ಐತ್ರಿ ಅಕ್ಕೋರ, ಆನಿ! ಮೊಮ್ಮಕ್ಕಳ ಕಾಲಕ್ಕೂ ಅಲುಗಾಡೂದಿಲ್ಲ," ಎಂದ.

"ಪಳಗಿದ ಆನಿ ಹೌದೋ ಅಲ್ಲೋ ನೋಡೂಣು," ಎಂದು ಅಕ್ಕೋರು ಲೋಟದಿಂದ ತತ್ತಿ ತೆಗೆದು ದವಡೆಗಳ ನಡುವೆ ಹಿಡಿದರು. ಇನ್ನೊಂದು ಕೈಯಿಂದ ವೈಸಿನ ಹಿಡಿಯನ್ನು ಮೆಲ್ಲಗೆ ತಿರುಗಿಸಿದರು. ದವಡೆ ಕದಲಲಿಲ್ಲ. ಇನ್ನಷ್ಟು ತಿರುಗಿಸಿದರು. ಒಮ್ಮೆಲೇ ದವಡೆ ಜಿಗಿಯಿತು, ಹಳದಿ ಲೋಳೆ ಬೆರಳಗುಂಟ ಇಳಿಯಿತು.

"ತತ್ತಿ ಹಿಡಿಯಾಕ ಯಾರರೆ ವೈಸ್ ತಗೋತಾರೇನ್ರಿ?" ಎಂದು ಅವನು ತಲೆ ಚಚ್ಚಿಕೊಂಡ.

"ಕಬ್ಬಿಣ ಎಲ್ಲಾ ವೈಸೂ ಹಿಡಿತಾವ ತಮ್ಮಾ. ಎಲ್ಲಿ ನಿಲ್ಲಬೇಕು, ಹೆಂಗ ಬಿಡಬೇಕು, ಅದು ಗೊತ್ತಿರಬೇಕು."

ಆದರೂ ಅದನ್ನು ಕೊಂಡು ತಂದು ಬಿಚ್ಚಿ, ಉಜ್ಜಿ, ಎಣ್ಣೆ ಹಾಕಿ ನೋಡಿದರು. ಅದು ಕೊನೆಗೂ ಪಳಗಲಿಲ್ಲ. ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯ ಅಕ್ಕೋರು ಈ ವಯಸ್ಸಿನಲ್ಲಿ ತತ್ತಿ ತಿನ್ನುತ್ತಾರಂತೆ ಎಂದು ಓಣಿ ಆಡಿಕೊಂಡಿತು. ನಾನು ಹೋಗಿ ಹೇಳಿದರೆ, "ತಿಂತಾಳ ಅಂದ್ಕೊಳ್ಳಲಿ ಬಿಡು. ನನ್ನ ಹಲ್ಲು, ನನ್ನ ಹೊಟ್ಟಿ," ಎಂದರು. ಅವರ ಈ ಹುಚ್ಚಿಗೆ ನಾನೂ ಮನಸಾರೆ ನಕ್ಕಿದ್ದೇನೆ. ಕಣಜ ಕಚ್ಚಿದ ಆ ಮಧ್ಯಾಹ್ನದವರೆಗೆ.

ನಾನು ಪಿಟೀಲು ಕಲಿಸಿ ಬದುಕುವವಳು. ಮದುವೆಯ ದಿನದ ನೆನಪಿಗೆಂದು ನಮ್ಮವರು ಮೊಬೈಲಿನಲ್ಲಿ ಹುಡುಕಿ ಕರಿಯ ಉಂಗುರವೊಂದನ್ನು ತರಿಸಿದ್ದರು. ಟಂಗ್‌ಸ್ಟನ್ ಅಂತೆ, ಜನ್ಮದಲ್ಲಿ ಗೀರು ಬೀಳುವುದಿಲ್ಲವಂತೆ. ಎಡಗೈಯ ಉಂಗುರ ಬೆರಳಿಗೆ ಹಾಕಿಕೊಂಡಿದ್ದೆ. ಒಣಗಿದ ಬಟ್ಟೆ ತೆಗೆಯುವಾಗ ಕಣಜ ಸರಿಯಾಗಿ ಉಂಗುರದ ಪಕ್ಕದಲ್ಲೇ ಕಚ್ಚಿತು. ನೋಡನೋಡುತ್ತ ಬೆರಳು ಬಾತುಕೊಂಡಿತು. ಸೋಪು, ಎಣ್ಣೆ, ದಾರ, ಯಾವುದಕ್ಕೂ ಉಂಗುರ ಜಗ್ಗಲಿಲ್ಲ. ಹತ್ತಿರದ ಡಾಕ್ಟರು ಉಂಗುರ ಕತ್ತರಿಸುವ ಗರಗಸ ಹಚ್ಚಿದರು, ಗರಗಸವೇ ಮೊಂಡಾಯಿತು. "ರಕ್ತ ಓಡಾಡಾಕತ್ತಿಲ್ರಿ. ಲಗೂನ ಸತ್ತೂರಿನ ದೊಡ್ಡ ದವಾಖಾನಿಗೆ ಹೋಗ್ರಿ," ಎಂದರು. ನಮ್ಮವರು ಗಾಡಿ ತರುತ್ತಿದ್ದರು, ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದರು. ನಮ್ಮ ಮನೆಯ ಗೇಟಿನ ಹತ್ತಿರ ನಿಂತು ನೋಡಿದರೆ ಬೆರಳ ತುದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆ ಬೆರಳು ಹೋದರೆ ತಂತಿಯ ಮೇಲೆ ನನಗೆ ದಾರಿಯೇ ಇಲ್ಲ. ಮಕ್ಕಳಂತೆ ಅತ್ತೆ.

ಕಾಂಪೌಂಡಿನ ಆಚೆಯಿಂದ ದನಿ ಬಂತು. "ಅಳೂದು ಆಮ್ಯಾಲೆ. ಕೈ ತೋರ್ಸು."

ನನ್ನನ್ನು ಬೆಂಚಿನ ಹತ್ತಿರ ಎಳೆದೊಯ್ದು, ಕಬ್ಬಿಣ ಉಜ್ಜುವ ಅರದ ಮೂಲೆಯನ್ನು ಉಂಗುರಕ್ಕೆ ಒತ್ತಿ ಎಳೆದರು. ಅರ ಜಾರಿತು. ಭೂತಗನ್ನಡಿ ಹಿಡಿದು ನೋಡಿದರು, ಮತ್ತೊಮ್ಮೆ ಎಳೆದರು. ಗೀರಿಲ್ಲ.

"ಖರೇನ ಟಂಗ್‌ಸ್ಟನ್ ಐತಿ. ಇದು ಬಾಗೂದಿಲ್ಲ, ಒಡೀತೈತಿ. ವೈಸಿನಾಗ ಹಿಡಿದ್ರ ಒಡೀತೈತಿ."

"ಅಕ್ಕೋರ, ಸ್ಟೀಲ್ ಆಗಿದ್ರ?"

"ಬೆರಳಿನ ಮ್ಯಾಲೆ ಚಪ್ಪಟಿ ಆಗ್ತಿತ್ತು. ಅದಕ್ಕ ಎರಡೆರಡು ಸಲ ನೋಡಿದೆ. ಗಾಡಿ ಬಂತಂದ್ರ ಹೋಗಿಬಿಡು. ಬರೂ ತನಕ ನನ್ನ ಕೈಯಾಗ ಕೊಡ್ತಿಯೇನು? ನೀ ಹೂಂ ಅಂದ್ರಷ್ಟ."

ಹೂಂ ಅಂದೆ. ಅವರ ಮೇಲಿನ ನಂಬಿಕೆಯಿಂದಲ್ಲ, ನೋವಿನಿಂದ.

ಹಸಿರು ಆನೆಯನ್ನು ದಾಟಿ, ಬಣ್ಣ ಹೋದ ಎಲ್ಲ ವೈಸ್‌ಗಳನ್ನು ದಾಟಿ, ಸಾಲಿನ ಕೊನೆಯಲ್ಲಿದ್ದ, ತತ್ತಿಯನ್ನು ಒಡೆಯದೆ ಹಿಡಿದಿದ್ದ ಸಣ್ಣದೊಂದರ ಮುಂದೆ ನಿಲ್ಲಿಸಿದರು. ಬಾತ ಮಾಂಸಕ್ಕೆ ದವಡೆ ತಾಗದಂತೆ ಉಂಗುರದ ಎರಡೂ ಬದಿಗೆ ತೆಳು ಕಬ್ಬಿಣದ ತುಂಡು ಇಟ್ಟರು. ಎಲ್ಲ ಸರಿಯಾಗಿ ಕೂತ ಮೇಲೆ ತಮ್ಮ ಕನ್ನಡಕ ತೆಗೆದು ನನ್ನ ಮೂಗಿಗೇರಿಸಿದರು.

"ಚೂರು ಸಿಡೀತಾವ. ಇನ್ನ ನನಗ ಕಣ್ಣು ಬ್ಯಾಡ, ಕೈ ಸಾಕು. ನೀ ಅಲುಗಾಡಬಾರದು. ಸಾ ಹಿಡಿ."

"ಏನ್ರಿ?"

"ಷಡ್ಜ ಹಿಡಿ ಅಂದೆ! ಉಸರು ನೆಟ್ಟಗಿದ್ರ ಕೈ ನೆಟ್ಟಗಿರ್ತದ."

ಸಾ ಹಿಡಿದೆ. ಎಳ್ಳಿನಷ್ಟು ತಿರುಗಿಸಿದರು, ನಿಲ್ಲಿಸಿದರು, ಸಡಿಲಿಸಿದರು. ಬೆರಳನ್ನು ಹೊರಳಿಸಿ ಮತ್ತೆ ಎಳ್ಳಿನಷ್ಟು. ನನ್ನ ಸ್ವರ ನಡುಗಿದರೆ ಅವರ ಕೈ ತಾನಾಗಿ ನಿಲ್ಲುತ್ತಿತ್ತು. ಉಂಗುರ ಬಿಗಿಯುತ್ತಿದೆಯೋ ನನ್ನ ಭಯವೇ ಬಿಗಿಯುತ್ತಿದೆಯೋ ತಿಳಿಯಲಿಲ್ಲ. ಇನ್ನೊಮ್ಮೆ ಉಸಿರು ತುಂಬಿಕೊಂಡೆ. ಆಗ ಗೇಟಿನಲ್ಲಿ ಹಾರ್ನ್ ಕೇಳಿತು. ಗಾಡಿ ಬಂದಿತ್ತು.

ಅಕ್ಕೋರು ಹಿಡಿಯ ಮೇಲಿನ ಕೈ ತೆಗೆದೇಬಿಟ್ಟರು. "ಹೋಗ್ತಿ?"

ಕನ್ನಡಕವಿಲ್ಲದ ಅವರ ಕಣ್ಣುಗಳು ನನ್ನನ್ನು ಹುಡುಕುತ್ತಿದ್ದವು. ಹೊರಗೆ ಹಾರ್ನ್ ಮತ್ತೆ ಕೇಳಿತು. ನಾನು ಸಾ ಬಿಡಲಿಲ್ಲ. ಅವರು ಒಂದು ಕ್ಷಣ ಕೇಳಿಸಿಕೊಂಡು ಮತ್ತೆ ಹಿಡಿಗೆ ಕೈ ಹಾಕಿದರು.

ಟಕ್ ಎಂದಿತು. ಬೆಂಚಿನ ಮೇಲೆ ಕರಿ ಚೂರುಗಳು ಉದುರಿದವು. ಎದುರಿಗೆ ತಡೆಯುವ ಉಂಗುರವೇ ಇಲ್ಲದಿದ್ದರೂ ದವಡೆ ಮಾತ್ರ ಮುಂದಕ್ಕೆ ಹಾಯಲಿಲ್ಲ, ಅವರು ಬಿಟ್ಟಲ್ಲೇ ನಿಂತಿತ್ತು. ಆ ಹಸಿರು ವೈಸ್ ಆಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸಲಾರೆ. ಅಕ್ಕೋರು ಮೆಲ್ಲಗೆ ಸಡಿಲಿಸಿದರು, ಬೆರಳು ಹೊರಗೆ ಬಂತು, ರಕ್ತ ನುಗ್ಗಿದ ಉರಿಗೆ ನಾನು ಕಿರುಚಿದೆ. ಒಳಗೆ ಓಡಿ ಬಂದ ನಮ್ಮವರಿಗೆ ಏನೂ ಅರ್ಥವಾಗಲಿಲ್ಲ. ಅಕ್ಕೋರು ಸ್ಟೂಲಿನ ಮೇಲೆ ಕುಸಿದು ಕೂತಿದ್ದರು.

"ನಂಗೂ ಅಂಜಿಕಿ ಆಗಿತ್ತಬೇ," ಎಂದರು. "ಕೈಗೆ ಹೇಳಿದ್ದಿಲ್ಲ ಅಷ್ಟ."

ಸತ್ತೂರಿಗೆ ಹೋದೆವು. ಬೆರಳಿಗೆ ಏನೂ ಆಗಿಲ್ಲ ಎಂದರು. ಅಂದಿನಿಂದ ಅಕ್ಕೋರು ನನಗೆ ಆರಾಮೇನು, ಊಟ ಆತೇನು ಎಂದು ಕೇಳಿದ್ದೇ ಇಲ್ಲ. ಕಂಡಾಗಲೆಲ್ಲ ಒಂದೇ ಮಾತು, "ಬೆರಳು ತೋರ್ಸು." ತೋರಿಸಿದರೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನೋಡಿ ಬಿಡುತ್ತಿದ್ದರು.

ಆ ಸಣ್ಣ ವೈಸ್ ಈಗ ನಮ್ಮ ಮನೆಯಲ್ಲಿದೆ. ಅಕ್ಕೋರು ಹೋದ ಮೇಲೆ ಅವರ ಮಗಳು ನಾನು ಕೇಳುವ ಮೊದಲೇ ತಂದುಕೊಟ್ಟಳು. ಅದರ ಮೇಲೆ ಧೂಳು ಕೂತರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಿಲ್ಲ.

ಅಕ್ಕೋರನ್ನು ಕೊನೆಯ ಸಲ ಕಂಡದ್ದೂ ಸತ್ತೂರಿನಲ್ಲೇ. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಬಯ್ಯದ ಅಕ್ಕೋರನ್ನು ನೋಡುವುದು ನನ್ನಿಂದಾಗಲಿಲ್ಲ, ಮುಖ ತಿರುಗಿಸಿದೆ. ಅವರ ಎಡಗೈ ಹಾಸಿಗೆಯ ಮೇಲೆ ಏನನ್ನೋ ತಡಕಾಡುತ್ತಿತ್ತು. ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬೆರಳು ಕೊಟ್ಟೆ. ಉಂಗುರವಿದ್ದ ಜಾಗವನ್ನೇ ಹುಡುಕಿ ಹಿಡಿದರು, ಅಷ್ಟು ಸೋತ ಕೈಯಲ್ಲಿ ಅಷ್ಟು ಬಿಗಿ ಎಲ್ಲಿತ್ತೋ. ನನಗೆ ಬೇರೇನೂ ತೋಚದೆ ಸಣ್ಣ ದನಿಯಲ್ಲಿ ಸಾ ಹಿಡಿದೆ. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಬಿಟ್ಟರು, ಎಳ್ಳೆಳ್ಳಷ್ಟೇ, ಎಲ್ಲೂ ಜಿಗಿಯದೆ.