ಮಗುವನ್ನು ಕೇಳದ ಪ್ರಶ್ನೆ

ಶಿವಮೊಗ್ಗದ ಕೌಟುಂಬಿಕ ನ್ಯಾಯಾಲಯದಲ್ಲಿ ಹತ್ತೊಂಬತ್ತು ವರ್ಷ ಆಪ್ತ ಸಮಾಲೋಚಕರಾಗಿ ದುಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಜಗದಾಂಬಾ ಅವರನ್ನು ಅಭಿನಂದಿಸಲು ಅವರಿಂದ ಮೆಚ್ಚುಗೆ ಪಡೆದವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಂದ ಬೈಸಿಕೊಂಡವರ ಪರವಾಗಿ ವಕೀಲನಾದ ನಾನು ಬರೆಯುತ್ತಿದ್ದೇನೆ.

ಗಂಡಹೆಂಡಿರು ಬೇರೆಯಾದಾಗ ಮಗು ಯಾರ ಬಳಿ ಇರಬೇಕೆಂದು ತೀರ್ಮಾನಿಸುವವರು ನ್ಯಾಯಾಧೀಶರು. ತಾಯಿಯ ಹಕ್ಕು, ತಂದೆಯ ಹಕ್ಕು ಎಂದು ನಾವು ಎಷ್ಟೇ ಗಂಟಲು ಹರಿದುಕೊಂಡರೂ ಅವರು ನೋಡುವುದು ಮಗುವಿನ ಹಿತವನ್ನು. ಆ ಹಿತ ಎಲ್ಲಿದೆಯೆಂದು ಎರಡೂ ಮನೆಗಳಿಗೆ ಹೋಗಿ, ನೋಡಿ, ವರದಿ ಬರೆದುಕೊಡುತ್ತಿದ್ದವರು ಜಗದಾಂಬಾ. ‘ಅಪ್ಪ ಬೇಕೋ, ಅಮ್ಮ ಬೇಕೋ’ ಎಂದು ಅವರು ಯಾವ ಮಗುವನ್ನೂ ಕೇಳಿದವರಲ್ಲ. ಉಗುರು ಯಾರು ಕತ್ತರಿಸುತ್ತಾರೆ, ಜ್ವರ ಬಂದರೆ ಪಕ್ಕದಲ್ಲಿ ಯಾರು ಮಲಗುತ್ತಾರೆ, ಜಡೆ ಯಾರು ಹಾಕುತ್ತಾರೆ. ಇಂಥವೇ ಅವರ ಪ್ರಶ್ನೆಗಳು.

ಹತ್ತು ವರ್ಷದ ಹಿಂದೆ ನಾನು ವಕೀಲಿಕೆಗೆ ಹೊಸಬ. ತುಂಬದ ಕೊಡ, ಸಾಕಷ್ಟು ತುಳುಕುತ್ತಿದ್ದೆ. ನನ್ನ ಕಕ್ಷಿದಾರರಾದ ತನುಜಾ ಶಿವಮೊಗ್ಗದ ಗಾರ್ಮೆಂಟ್ಸ್ ಒಂದರಲ್ಲಿ ಮೇಲ್ವಿಚಾರಕಿ. ಪತಿ ಗುರುಪ್ರಸಾದ್ ಭದ್ರಾವತಿಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಎಂಟು ವರ್ಷದ ಮಗಳು ನವ್ಯಾ ತಂದೆಯ ಬಳಿಯಿದ್ದಳು. ಗೆದ್ದೇ ತೀರುವ ಹುಮ್ಮಸ್ಸಿನಲ್ಲಿ, ತನುಜಾ ಅವರಿಗೂ ತಿಳಿಸದೆ, ಕೋರ್ಟಿನ ಕಾರಿಡಾರಿನಲ್ಲಿ ಆ ಮಗುವಿಗೆ ಚಾಕೊಲೇಟು ಕೊಟ್ಟು ಒಂದು ವಾಕ್ಯ ಕಲಿಸಿದೆ: “ನಂಗೆ ಅಮ್ಮನೇ ಬೇಕು.”

ಜಗದಾಂಬಾ ಅವರ ಕೋಣೆಯೊಳಗೆ ಹೋದವಳು ಅವರು ಏನೂ ಕೇಳುವ ಮೊದಲೇ ಕೈಕಟ್ಟಿ ನಿಂತು ಮಗ್ಗಿಯ ಹಾಗೆ ಅದನ್ನು ಒಪ್ಪಿಸಿದಳಂತೆ. ಯಾರು ಹೇಳಿಕೊಟ್ಟರೆಂದರೆ “ಲಾಯರ್ ಮಾಮ” ಎಂದಳಂತೆ.

ಸಂಜೆ ನನಗೆ ಕರೆ ಬಂತು. ಜಗದಾಂಬಾ ದನಿ ಏರಿಸಲಿಲ್ಲ.

“ಅವಳಿಗೆ ನಿಜವಾಗ್ಲೂ ಅಮ್ಮನೇ ಬೇಕಿರಬಹುದು ಕಣ್ರೀ. ಇನ್ಮೇಲೆ ಅವಳು ಹಾಗಂದ್ರೆ ಯಾರು ನಂಬ್ತಾರೆ? ಮಗು ಹತ್ರ ಇದ್ದಿದ್ದು ಅದೊಂದು ಮಾತು. ಅದನ್ನೂ ನೀವು ಕಿತ್ಕೊಂಡ್ರಿ.”

ಅವರು ನ್ಯಾಯಾಧೀಶರಿಗೆ ನಡೆದದ್ದನ್ನು ತಿಳಿಸಿ, ತಪ್ಪು ತಾಯಿಯದಲ್ಲವೆಂದು ಸ್ಪಷ್ಟಪಡಿಸಿ, ಮೂರು ವಾರ ಸಮಯ ಕೇಳಿದರು. ನನಗೆ ಸಿಗಬೇಕಾದದ್ದು ನ್ಯಾಯಾಧೀಶರಿಂದ ಸಿಕ್ಕಿತು. ಬೆಳಗಿನ ಮೊದಲ ಬಸ್ಸಿಗೆ ಭದ್ರಾವತಿಗೆ ಹೋದ ಜಗದಾಂಬಾ, ಕೊರಳಲ್ಲಿ ಸೀಟಿ ತೂಗಿಕೊಂಡ ಮೇಷ್ಟ್ರು ಮಗಳಿಗೆ ಎರಡು ಜಡೆ ಹೆಣೆಯುವುದನ್ನು ಕಂಡರು. ಮಗುವಿನ ಫ್ರಾಕುಗಳನ್ನೆಲ್ಲ ಹೊಲಿದವರು ತಾಯಿ ಎಂಬುದನ್ನೂ, ಏಳಕ್ಕೇ ಕೆಲಸಕ್ಕೆ ಹೊರಡಬೇಕಾದ ಆಕೆಯ ಮನೆಗೆ ಅಷ್ಟು ಹೊತ್ತಿಗೇ ಬೀಗ ಬೀಳುತ್ತದೆಂಬುದನ್ನೂ ಕಂಡರು.

ಕೋರ್ಟಿನಲ್ಲಿ ಎರಡನೆಯ ಭೇಟಿಯ ದಿನ ನವ್ಯಾ ತಾನಾಗಿ ನನ್ನ ಹತ್ತಿರ ಬಂದಳು.

“ಮಾಮ, ಇವತ್ತು ಏನ್ ಹೇಳ್ಬೇಕು?”

ಆ ಪ್ರಶ್ನೆ ಇಂದಿಗೂ ನನ್ನನ್ನು ಚುಚ್ಚುತ್ತದೆ. “ನಾನ್ ಹೇಳ್ಕೊಡೋದು ಏನೂ ಇಲ್ಲ ಪುಟ್ಟಿ. ನಿಂಗೆ ಅನ್ಸಿದ್ದು ಹೇಳು,” ಎಂದೆ.

ಶಾಲೆಯ ದಿನಗಳಲ್ಲಿ ತಂದೆಯ ಬಳಿ, ವಾರಾಂತ್ಯ ಹಾಗೂ ಶಾಲಾ ರಜೆಯ ಅರ್ಧ ಭಾಗ ತಾಯಿಯ ಬಳಿ ಎಂದು ಆದೇಶವಾಯಿತು. ತನುಜಾ ಅತ್ತರು. ಅವರ ಪಕ್ಕದಲ್ಲಿ ಕೊನೆಯವರೆಗೂ ಕುಳಿತಿದ್ದವರು ಜಗದಾಂಬಾ. ಮುಂದಿನ ಆರು ತಿಂಗಳು ಪ್ರತಿ ಶನಿವಾರ ಬಸ್ ನಿಲ್ದಾಣಕ್ಕೂ ಬಂದರು. ಮುಖ ಕೊಟ್ಟು ಮಾತಾಡದ ಗಂಡಹೆಂಡಿರ ನಡುವೆ ನಿಂತು, ಮಗುವಿನ ಬ್ಯಾಗನ್ನು ಈ ಕೈಯಿಂದ ಆ ಕೈಗೆ ದಾಟಿಸಿದರು. ಏಳನೆಯ ತಿಂಗಳು ಅವರು ಬೇಕಾಗಲಿಲ್ಲ. ಸೋತ ಕೇಸನ್ನು ಯಾವ ವಕೀಲನೂ ಹೇಳಿಕೊಳ್ಳುವುದಿಲ್ಲ. ಇದೊಂದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ನಿವೃತ್ತಿಯ ನಂತರ ಹೊಸ ಸಮಾಲೋಚಕರಿಗೆ ತರಬೇತಿ ಕೊಡಲು ಅವರು ಒಪ್ಪಿದ್ದಾರೆ. ನಮ್ಮಂಥ ವಕೀಲರಿಗೂ ಒಂದು ತರಗತಿ ಇರಲಿ. ಅದಕ್ಕೆ ಬೇಕಾದ ಆಯುಸ್ಸು, ಆರೋಗ್ಯ, ಬೈಯುವ ಶಕ್ತಿ ಅವರಿಗೆ ನೂರ್ಕಾಲ ಇರಲೆಂದು ಹಾರೈಸುತ್ತೇನೆ.

ಇದನ್ನು ಬರೆಯಲು ನವ್ಯಾಳ ಒಪ್ಪಿಗೆ ಕೇಳಿದೆ. ಈಗ ಅವಳಿಗೆ ಹದಿನೆಂಟು. ಸಂತೋಷದಿಂದ ಒಪ್ಪಿದಳು, ಬೀಳ್ಕೊಡುಗೆ ಸಮಾರಂಭದಲ್ಲಿ ತಾನೂ ಎರಡು ಮಾತಾಡುತ್ತಾಳಂತೆ.

“ಆದ್ರೆ ಮಾಮ, ಏನ್ ಹೇಳ್ಬೇಕು ಅಂತ ನೀವು ಹೇಳ್ಕೊಡಂಗಿಲ್ಲ.”