ಟೆಂಡರು ಗೆಲ್ಲಿಸುವ ಮೀನು

ಸ್ನೇಹಿತರೇ, ಈ ಪೋಸ್ಟನ್ನು ಪುಟ್ಟರಾಜುಗೆ ಮಾತ್ರ ತೋರಿಸಬೇಡಿ.

ಸಾಲಗಾಮೆ ಕಡೆಯ ಒಂದು ಶಾಲೆಗೆ ಹೊಸ ಕೊಠಡಿ ಕಟ್ಟುವ ಟೆಂಡರು ಇವತ್ತು ಬೆಳಿಗ್ಗೆ ನನಗಾಯಿತು. ಹಾಸನದ ಕಚೇರಿಯಿಂದ ಹೊರಗೆ ಬರುತ್ತಿದ್ದಂತೆ, ಪ್ರತಿ ಸಲವೂ ನನಗೆ ಪೈಪೋಟಿ ಕೊಡುವ ಕಂಟ್ರಾಕ್ಟರ್ ಪುಟ್ಟರಾಜು ಅಡ್ಡ ನಿಂತ.

"ಅಕ್ಕೋ, ನಿಜ ಯೋಳು. ಯಾವ ದೊಡ್ಡೋರ ಕೈಲಿ ಫೋನ್ ಮಾಡಿಸ್ದೆ?"

"ಯಾರ ಕೈಲೂ ಇಲ್ಲ ಕಣಪ್ಪ. ರೇಟ್ ಬರೆಯೋಕೆ ಮುಂಚೆ ಓಗಿ ಜಾಗ ನೋಡ್ದೆ. ಸ್ಕೂಲ್ ಹಿಂದ್ಗಡೆ ಹೊಸ ರಸ್ತೆ ಆಗೈತೆ, ಲಾರಿ ಪಾಯದ ತಂಕ ಓಯ್ತದೆ. ನೀವೆಲ್ಲ ಆ ಹಳೇ ಓಣೀನೇ ನೆನೆಸ್ಕೊಂಡು, ಇಟ್ಟಿಗೆ ಹೊರೋ ಕೂಲೀನೂ ಸೇರ್ಸಿ ಬರೆದ್ಬುಟ್ರಿ."

ಅವನು ಜೋರಾಗಿ ನಕ್ಕ. "ಸುಮ್ಕಿರಕ್ಕ, ಜಾಗ ನೋಡ್ದೋರ್ಗೆಲ್ಲ ಟೆಂಡರ್ ಕೊಟ್ಟಾರಾ?"

ಮೈ ಉರಿಯಿತು. ಸುಡುವ ಬಿಸಿಲಿನಲ್ಲಿ ಆ ಶಾಲೆಯ ಸುತ್ತ ಅಲೆದವಳು ನಾನು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದೆ: "ಯಾರ್ಗೂ ಯೋಳ್ಬ್ಯಾಡ ಕಣೋ. ರಾಮನಾಥಪುರಕ್ಕೆ ಓಗಿ, ದೇವಸ್ಥಾನದ ಹತ್ರ ಹೊಳೇಲಿರೋ ದೇವರ ಮೀನ್ಗೆ ನನ್ನ ಕೈಯಾರೆ ತಿನ್ನೋಕೆ ಆಕ್ದೆ."

"ಅಂಗನ್ನು ಮತ್ತೆ!" ಎಂದವನೇ ಬೈಕ್ ಹತ್ತಿ ಹೊರಟೇಬಿಟ್ಟ.

ಮಧ್ಯಾಹ್ನ ಹೊಳೆ ದಡದಿಂದಲೇ ಫೋನ್ ಮಾಡಿದ. "ಅಕ್ಕ, ಮೀನ್ಗೆ ಪುರಿ ಆಕ್ಲಾ, ಅಕ್ಕಿ ಆಕ್ಲಾ?"

"ಎರಡೂ ಆಕಪ್ಪ. ನಿಧಾನಕ್ಕೆ ಆಕು, ಅವಸರ ಮಾಡ್ಬ್ಯಾಡ" ಎಂದೆ. ಆಗ ನಾನಿದ್ದದ್ದು ಚನ್ನರಾಯಪಟ್ಟಣದಲ್ಲಿ. ನಾವಿಬ್ಬರೂ ಹಾಕಬೇಕೆಂದಿರುವ ಮುಂದಿನ ಟೆಂಡರಿನ ಜಾಗದಲ್ಲಿ ಇನ್ನೂ ಮಣ್ಣು ನೋಡಿ ಮುಗಿದಿರಲಿಲ್ಲ.